ನಮ್ಮ ಮನೆಯ ಬಾಣಂತಿ ಕೋಣೆ

5 ಜನವರಿ 2025, ರವಿವಾರ

ಬೆಳಗ್ಗೆಯಿಂದ ಒಳಗಿನ ಕೋಣೆ ಖಾಲಿ ಮಾಡಿದೆ. ಧಾರವಾಡದ ಹಳೇ ಹೆಂಚಿನ ಮನೆ ನಮ್ಮದು, ಬಾಡಿಗೆಗೆ ಇದ್ದೇವೆ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಒಳಗಿನ ಕೋಣೆಯಲ್ಲಿ ಇಷ್ಟು ದಿನ ನನ್ನ ಬಿ.ಇಡಿ. ಪುಸ್ತಕಗಳು, ಹಳೇ ಪೇಪರ್ ಕಟ್ಟು, ಕಾಲು ಮುರಿದ ಕುರ್ಚಿ, ಊರಿಂದ ಬಂದ ಜೋಳದ ಚೀಲ ಇದ್ದವು. ಇನ್ನು ಮೇಲೆ ಅದು ಬಾಣಂತಿ ಕೋಣೆ.

ನಮ್ಮ ಕಡೆ ಮೊದಲ ಬಾಣಂತನ ತವರಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕರೆದುಕೊಂಡು ಹೋಗುತ್ತಾರೆ. ಕುಬಸ ನಮ್ಮಲ್ಲೂ ಆಯಿತು. ಆದರೆ ಇವಳು, ನನ್ನ ಹೆಂಡತಿ, ತವರಿಗೆ ಹೋಗಲಿಲ್ಲ. ಇವಳ ರಕ್ತ ಓ ನೆಗೆಟಿವ್, ನನ್ನದು ಬಿ ಪಾಸಿಟಿವ್. ಕೂಸಿನ ರಕ್ತ ಪಾಸಿಟಿವ್ ಇದ್ದು ಅದು ತಾಯಿಯ ರಕ್ತಕ್ಕೆ ಸೇರಿದರೆ, ತಾಯಿಯ ಮೈ ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳಬಹುದು. ಹಾಗಾದರೆ ಮೊದಲ ಮಗುವಿಗಿಂತ ಮುಂದಿನ ಮಗುವಿಗೆ ತೊಂದರೆ ಜಾಸ್ತಿ. ಅದನ್ನು ತಡೆಯಲು ಆ್ಯಂಟಿ-ಡಿ ಇಂಜೆಕ್ಷನ್ ಇದೆ. 28 ವಾರಕ್ಕೆ ಒಂದು. ಹುಟ್ಟಿದ ಕೂಸು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಇನ್ನೊಂದು. ಮೊದಲನೆಯದನ್ನು ನವೆಂಬರ್ 14ಕ್ಕೆ ಕೊಡಿಸಿದೆವು. ಶಾಲೆಯಲ್ಲಿ ಮಕ್ಕಳ ದಿನಾಚರಣೆ ಮುಗಿಸಿಕೊಂಡೇ ಆಸ್ಪತ್ರೆಗೆ ಓಡಿದ್ದೆ.

ಓ ನೆಗೆಟಿವ್ ಇದ್ದವರಿಗೆ ಓ ನೆಗೆಟಿವ್ ರಕ್ತವೇ ಬೇಕು. ಇವಳ ತವರು ನವಲಗುಂದದಾಚೆಯ ಹಳ್ಳಿ. "ರಕ್ತ ಸಿಗೋ ಊರಾಗ ಇರ್ರಿ" ಎಂದರು ಡಾಕ್ಟರು. ಅತ್ತೆಗೆ ಎರಡು ಎಮ್ಮೆ, ಹೊಲದಲ್ಲಿ ಕಡಲೆ. ಕಡಲೆ ಒಕ್ಕಣೆ ಮುಗಿಯದೆ ಅವರು ಬರಲಾರರು. ನನ್ನವ್ವನಿಗೆ ಮೊಣಕಾಲು ನೋವು. ಹೀಗಾಗಿ ಕೋಣೆ ಸಿದ್ಧ ಮಾಡುವ ಕೆಲಸ ನನಗೆ ಬಂತು.

ಸಂಜೆ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ಅಪ್ಪಾ, ನಾ ಹುಟ್ಟೋ ಮುಂದ ನೀ ಏನೇನು ತಯಾರಿ ಮಾಡಿದ್ದಿ?"

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಹೇಳಿದ. "ನಾ ಏನ್ ಮಾಡ್ಲೆಪಾ. ಗಂಡು ಹುಟ್ಟ್ಯಾನ ಅಂತ ಪತ್ರ ಬಂತು. ಹದಿಮೂರನೇ ದಿನ ತೊಟ್ಟಲಕ್ಕ ಹಾಕೋ ಮುಂದ ಬಂದು ನೋಡಿದೆ."

ಶಾಲೆಯಲ್ಲಿ ನನಗಿಂತ ಹಿರಿಯ ಮಾಸ್ತರರನ್ನು ಕೇಳಿದರೂ ಇದೇ ಉತ್ತರ. ಅವರು ಮಕ್ಕಳನ್ನು ಪ್ರೀತಿಸಲಿಲ್ಲ ಅಂತಲ್ಲ. ಆ ಕೋಣೆಯೊಳಗೆ ಅವರಿಗೆ ಜಾಗವೇ ಇರಲಿಲ್ಲ. ನನಗೆ ಆ ಜಾಗ ಸಿಕ್ಕಿದೆ. ಮೊದಲ ದಿನದಿಂದಲೇ ಕೂಸನ್ನು ನೋಡುತ್ತೇನೆ ಎಂದು ನೆನೆದರೇ ಕಣ್ಣು ತುಂಬುತ್ತದೆ. ಕೇಳಬೇಕಾದ್ದನ್ನೆಲ್ಲ ಹೆಂಗಸರಲ್ಲೇ ಕೇಳಬೇಕು. ಅದಕ್ಕೆಂದೇ 200 ಪುಟದ ನೋಟ್‌ಬುಕ್ ತಂದಿದ್ದೇನೆ.

8 ಜನವರಿ, ಬುಧವಾರ

ನಮ್ಮ ಓಣಿಗೆ ನಳದ ನೀರು ಆರು ದಿನಕ್ಕೊಮ್ಮೆ. ಮೊನ್ನೆ ಸೋಮವಾರ ಬಂದಿತ್ತು. ಇಬ್ಬರಿಗೆ ದಿನಕ್ಕೆ ನೂರು ಲೀಟರಿನಲ್ಲಿ ಸಾಗುತ್ತಿತ್ತು. ಕೂಸು ಬಂದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಬಟ್ಟೆ ಒದ್ದೆಯಾಗುತ್ತವೆ ಎನ್ನುತ್ತಾರೆ ಎದುರು ಮನೆ ಕಾಕು. ಬಾಣಂತಿಗೆ ಎರೆಯುವ ನೀರು ಬೇರೆ. ದಿನಕ್ಕೆ 200 ಲೀಟರ್ ಎಂದು ಹಿಡಿದೆ. ಆರು ದಿನಕ್ಕೆ 1,200. ಮನೆಯಲ್ಲಿ ಇರುವುದು 500 ಲೀಟರಿನ ಟ್ಯಾಂಕು, 200 ಲೀಟರಿನ ಬ್ಯಾರಲ್ಲು. ಇನ್ನೊಂದು 500 ಲೀಟರಿನ ಟ್ಯಾಂಕು ಇವತ್ತು ತಂದೆ. ಮಕ್ಕಳಿಗೆ ಇಂಥ ಎಷ್ಟು ಲೆಕ್ಕ ಕೊಟ್ಟಿದ್ದೇನೋ! ಈ ಒಂದು ಲೆಕ್ಕವನ್ನು ಮಾತ್ರ ಮೂರು ಸಲ ಕೂಡಿ ನೋಡಿದೆ.

ಅಪ್ಪನ ನಾಲ್ಕು ಹಳೇ ಧೋತರ ಊರಿಂದ ಬಂದವು. ಎಷ್ಟೋ ವರ್ಷ ಒಗೆದು ಒಗೆದು ಬೆಣ್ಣೆಯಂತೆ ಮೆತ್ತಗಾಗಿವೆ. ಕುದಿಯುವ ನೀರಲ್ಲಿ ಹಾಕಿ, ಬಿಸಿಲಿಗೆ ಒಣಗಿಸಿ, ಚೌಕ ಚೌಕ ಕತ್ತರಿಸಿದೆ. ಟೇಲರ್ ಹತ್ತಿರ ಅಂಚು ಹೊಲಿಸೋಣ ಅಂದುಕೊಂಡಿದ್ದೆ. ಕಾಕು ತಡೆದರು. "ಬ್ಯಾಡ ತಮ್ಮಾ. ಹೊಲಿಗಿ ಕೂಸಿನ ತೊಡಿಗೆ ಚುಚ್ತದ. ದಾರ ಬಿಟ್ರೂ ಬಿಡ್ಲಿ." ಇದು ಯಾವ ಅಂಗಡಿಯವರೂ ಹೇಳದ ಮಾತು. ನೋಟ್‌ಬುಕ್‌ಗೆ ಹೋಯಿತು.

ಬಚ್ಚಲಿನದು ಸ್ವಲ್ಪ ಚಿಂತೆ. ಶಹಾಬಾದ್ ಫರಸಿ ಸವೆದು ನುಣ್ಣಗಾಗಿದೆ, ಮೂಲೆಯಲ್ಲಿ ಪಾಚಿ. ಫರಸಿ ಕಿತ್ತು ಒರಟು ಟೈಲ್ಸ್ ಹಾಕಿಸುವ ಎಂದರೆ ಅವ್ವ ಫೋನಿನಲ್ಲೇ ಗದರಿದಳು. ಹೆಂಡತಿ ಬಸುರಿ ಇದ್ದಾಗ ಗಂಡ ಮನೆ ಒಡೆಯಬಾರದು, ಕಟ್ಟಬಾರದು. ನಾನು ಆ ಮಾತನ್ನು ನಂಬುತ್ತೇನೆ ಅಂತಲ್ಲ. ಆದರೆ ಅವ್ವ ಒಂದು ತಿಂಗಳು ನಿದ್ದೆಗೆಡುವುದು ಬೇಡ. ಬ್ಲೀಚಿಂಗ್ ಪುಡಿ ಹಾಕಿ, ತೆಂಗಿನ ನಾರಿನಿಂದ ಎರಡು ತಾಸು ತಿಕ್ಕಿದೆ. ಮೇಲೆ ತೂತು ತೂತಿನ ರಬ್ಬರ್ ಮ್ಯಾಟ್ ಹಾಸಿದೆ. ಇವಳನ್ನು ಕರೆಯುವ ಮೊದಲು ನಾನೇ ನೀರು ಸುರಿದು ಓಡಾಡಿ ನೋಡಿದೆ. ಜಾರುವುದಿಲ್ಲ.

12 ಜನವರಿ, ರವಿವಾರ

ತೊಟ್ಟಿಲು ಬಂತು!

ನಸುಕಿನಲ್ಲಿ ನೀರು ತುಂಬಿಸಿ ಕಲಘಟಗಿಗೆ ಹೋದೆ. ಅಲ್ಲಿ ಸೋದರತ್ತೆಯ ಮನೆ ಅಟ್ಟದ ಮೇಲೆ ನಮ್ಮ ಮನೆತನದ ತೊಟ್ಟಿಲಿದೆ. ಕಲಘಟಗಿ ತೊಟ್ಟಿಲು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅರಗಿನ ಬಣ್ಣವನ್ನು ಬಿಸಿ ಮಾಡಿ ಕಟ್ಟಿಗೆಗೆ ಹಚ್ಚಿ, ಕೇದಗಿ ಎಲೆಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಈಗ ಆ ಕೆಲಸ ಬಲ್ಲವರು ಕೆಲವೇ ಮನೆಯವರು. ನಮ್ಮ ತೊಟ್ಟಿಲಲ್ಲಿ ಅಪ್ಪ ಮಲಗಿದ್ದ, ನಾನು ಮಲಗಿದ್ದೆ, ಚಿಕ್ಕಪ್ಪನ ಮಕ್ಕಳೆಲ್ಲ ಮಲಗಿದ್ದರು. ಯಾರ ಮನೆಯಲ್ಲಿ ಕೂಸು ಬರುತ್ತದೋ ಅವರ ಮನೆಗೆ ಹೋಗುತ್ತದೆ, ಮತ್ತೆ ಅಟ್ಟಕ್ಕೆ ಬರುತ್ತದೆ. ದೂಳು ಒರೆಸಿದರೆ ಗಿಳಿ ಹಸಿರಾಗಿಯೇ ಇತ್ತು, ಕೃಷ್ಣ ನೀಲಿಯಾಗಿಯೇ ಇದ್ದ. ಒಂದು ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಯಾರವೋ ಗೊತ್ತಿಲ್ಲ. ಬಹಳ ಹೊತ್ತು ಅಲ್ಲೇ ಬೆರಳಾಡಿಸಿದೆ.

ಟೆಂಪೋಗೆ ಏರಿಸುವಾಗ ಸೋದರತ್ತೆ ತಡೆದಳು. "ತಡಿ, ಬರಿದು ಒಯ್ಯಬ್ಯಾಡ." ಒಳಗೆ ಹೋಗಿ ಒಂದು ರುಬ್ಬುವ ಗುಂಡುಕಲ್ಲು ತಂದಳು. ತೊಳೆದು, ಕುಂಕುಮ ಹಚ್ಚಿ, ಕುಲಾಯಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವ ಗುಂಡಪ್ಪ ಇವನೇ. "ಕೂಸು ಬರೂತನಕ ಇಂವ ಇರ್ಲಿ. ಬರೇ ತೊಟ್ಟಲಾ ತೂಗಬ್ಯಾಡ್ರಿ ಮತ್ತ." ಗುಂಡಪ್ಪನ ಜೊತೆಯೇ ಧಾರವಾಡಕ್ಕೆ ಬಂದೆ. ಟೆಂಪೋದವನು ಉಬ್ಬು ಬಂದಲ್ಲೆಲ್ಲ ತಾನಾಗಿಯೇ ನಿಧಾನ ಮಾಡಿದ.

ಮೊಳೆ ಹೊಡೆಯಬೇಕಾಗಿ ಬಂದರೆ ಅವ್ವನಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಬ್ಯಾಟರಿ ಹಿಡಿದು ಮೇಲೆ ನೋಡಿದರೆ ತೊಲೆಯಲ್ಲಿ ಹಳೇ ಕಬ್ಬಿಣದ ಕೊಂಡಿ ಎರಡು. ಮಸಿ ಮೆತ್ತಿದ್ದರಿಂದ ಇಷ್ಟು ದಿನ ಕಂಡಿರಲಿಲ್ಲ. ಈ ಕೋಣೆ ಮೊದಲೂ ಬಾಣಂತಿ ಕೋಣೆಯಾಗಿತ್ತು! ಇವಳು ಬಾಗಿಲಲ್ಲಿ ನಿಂತು ಮೇಲೆ ನೋಡಿ ನಕ್ಕಳು. ಆ ನಗು ನೋಡಿ ನನ್ನ ಅರ್ಧ ಭಾರ ಇಳಿಯಿತು.

ಆದರೂ ಕೊಂಡಿಯನ್ನು ಹಾಗೇ ನಂಬಲು ಮನಸ್ಸಾಗಲಿಲ್ಲ. 30 ಕಿಲೋ ಜೋಳದ ಚೀಲ ತೂಗುಹಾಕಿದ್ದೇನೆ. ರಾತ್ರಿಯಿಡೀ ಇರಲಿ. ತೊಟ್ಟಿಲಿನ ಕಂಬಿಗಳ ಸಂದನ್ನೂ ಸ್ಕೇಲಿನಿಂದ ಅಳೆದೆ. ಎಲ್ಲೂ ಐದು ಸೆಂಟಿಮೀಟರ್ ದಾಟುವುದಿಲ್ಲ, ತಲೆ ಸಿಕ್ಕಿಕೊಳ್ಳುವ ಭಯವಿಲ್ಲ. ಹೆಂಚಿನಿಂದ ದೂಳು, ಹಲ್ಲಿ ಬೀಳಬಾರದು ಅಂತ ಹಳೇ ಕಾಟನ್ ಸೀರೆಯನ್ನು ಮೇಲೆ ಚಪ್ಪರದ ಹಾಗೆ ಕಟ್ಟಿದೆ.

14 ಜನವರಿ, ಮಂಗಳವಾರ

ಸಂಕ್ರಾಂತಿ. ಜೋಳದ ಚೀಲ ಎರಡು ರಾತ್ರಿ ತೂಗಿದರೂ ಕೊಂಡಿ ಅಲುಗಲಿಲ್ಲ. ಕಾಕು ಕುಸುರೆಳ್ಳು ಕೊಡಲು ಬಂದರು. "ಮುಂದಿನ ಸಂಕ್ರಮಣಕ್ಕ ನಿಮ್ಮನ್ಯಾಗ ಕೂಸಿಗೆ ಬಾರಿಹಣ್ಣು ಎರೀಬೇಕು ನೋಡು" ಎಂದರು. ಇವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ನೆ ಕೂತಿದ್ದಳು.

19 ಜನವರಿ, ರವಿವಾರ

ಗುರುವಾರಕ್ಕೆ 37 ವಾರ ತುಂಬಿತು. ನಿನ್ನೆ ರಾತ್ರಿಯದನ್ನು ಬರೆದಿಡಬೇಕು. ಕೈ ಇನ್ನೂ ನೆಟ್ಟಗಿಲ್ಲ.

ಒಂದೂ ನಲವತ್ತಕ್ಕೆ ಇವಳು ನನ್ನ ಭುಜ ಅಲುಗಿಸಿದಳು. "ರೀ, ಕೂಸು ಆಡವಲ್ದು."

ಎದ್ದು ಕೂತೆ. ಬಾಳೆಹಣ್ಣು ತಿನ್ನಿಸಿ, ನೀರು ಕುಡಿಸಿ, ಎಡ ಮಗ್ಗುಲಿಗೆ ಮಲಗಿಸಿದೆ. ಇಬ್ಬರೂ ಎಣಿಸಿದೆವು. ದಿನಾ ಈ ಹೊತ್ತಿಗೆ ಒಂದು ತಾಸಿನಲ್ಲೇ ಹತ್ತು ಸಲ ಒದೆಯುವ ಕೂಸು. ಮುಕ್ಕಾಲು ತಾಸು ಆದರೂ ಎರಡೇ. ಆಸ್ಪತ್ರೆಗೆ ಫೋನ್ ಮಾಡಿದರೆ ನರ್ಸ್ "ದಾರಿ ನೋಡಬ್ಯಾಡ್ರಿ, ಬಂದುಬಿಡ್ರಿ" ಎಂದರು.

ಆಗ ನೆನಪಾಯಿತು. ತಾಯಿ ಕಾರ್ಡು ಮನೆಯಲ್ಲಿಲ್ಲ! ಪಿತೃತ್ವ ರಜೆಯ ಅರ್ಜಿಗೆ ಜೆರಾಕ್ಸ್ ಮಾಡಿಸಲು ಒಯ್ದವನು ಶಾಲೆಯ ಡ್ರಾಯರಿನಲ್ಲೇ ಬಿಟ್ಟಿದ್ದೆ. ಇವಳ ರಕ್ತದ ಗುಂಪು, ಆ್ಯಂಟಿ-ಡಿ ಕೊಟ್ಟ ದಿನ, ಸ್ಕ್ಯಾನಿಂಗು, ಎಲ್ಲ ಅದರಲ್ಲೇ ಇದೆ. ಬ್ಯಾಗೂ ಕಟ್ಟಿರಲಿಲ್ಲ. ಟ್ಯಾಂಕು, ತೊಟ್ಟಿಲು, ಬಚ್ಚಲು ಎಲ್ಲ ಸಿದ್ಧ. ಮನೆ ಬಿಟ್ಟು ಹೊರಡುವುದಕ್ಕೆ ಮಾತ್ರ ನಾನು ಸಿದ್ಧನಿರಲಿಲ್ಲ. ಅದು ನನ್ನ ತಪ್ಪು.

ಕಾಕುವಿನ ಮಗ ಆಟೋ ಓಡಿಸುತ್ತಾನೆ. ಬಾಗಿಲು ಬಡಿದೆ. ಒಂದು ಮಾತೂ ಕೇಳದೆ ಅಂಗಿ ತೊಡುತ್ತ ಬಂದ. ಚಳಿಗೆ ಇವಳಿಗೆ ಕೌದಿ ಹೊದಿಸಿ ಕೂರಿಸಿದೆ. ದಾರಿಯುದ್ದಕ್ಕೂ ಇವಳು ನನ್ನ ಬೆರಳು ಹಿಡಿದಿದ್ದಳು, ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಎರಡು ಪಟ್ಟಿ ಕಟ್ಟಿ ಮೆಷಿನ್ ಹಚ್ಚಿದರು. ಮೊದಲು ಬರೀ ಗರಗರ. ಆಮೇಲೆ ಬಂತು ಸಪ್ಪಳ. ಅವ್ವ ನಸುಕಿನಲ್ಲಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾಳಲ್ಲ, ಹಾಸಿಗೆಯಲ್ಲಿದ್ದಾಗ ಕೇಳುತ್ತಿತ್ತಲ್ಲ, ಥೇಟ್ ಅದೇ. ತಪತಪ ತಪತಪ, ಬಿಡುವಿಲ್ಲದೆ. ಮೆಷಿನ್ನಿನಲ್ಲಿ 142 ಎಂದಿತ್ತು. 110ರಿಂದ 160ರೊಳಗೆ ಇದ್ದರೆ ಸರಿ ಎಂದರು ಡಾಕ್ಟರು. ಇಪ್ಪತ್ತು ನಿಮಿಷ ಕೇಳುತ್ತ ನಿಂತೆ. ನಡುವೆ ಕೂಸು ಜೋರಾಗಿ ಒಮ್ಮೆ ಒದೆಯಿತು, ಪಟ್ಟಿಯೇ ಸರಿಯಿತು. ಇವಳು ಆಗ ಅತ್ತಳು. ನಾನೂ ಅತ್ತೆ.

"ಸುಮ್ಮನ ಬಂದ್ವಿ ಅಂತ ಅನ್ಕೋಬ್ಯಾಡ್ರಿ. ಮತ್ತ ಹಿಂಗ ಅನಿಸಿದ್ರ ಮತ್ತ ಬರ್ರಿ" ಎಂದರು ಡಾಕ್ಟರು. ಇದನ್ನು ಓದುವ ಯಾರ ಮನೆಯಲ್ಲಾದರೂ ಹೀಗಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಮಧ್ಯಾಹ್ನ ಶಾಲೆಯ ಬೀಗ ತೆಗೆಸಿ ಕಾರ್ಡು ತಂದೆ. ಅದರ ಪುಟಗಳೆಲ್ಲ ಈಗ ನನ್ನ ಫೋನಿನಲ್ಲೂ ಇವೆ, ಇವಳ ಫೋನಿನಲ್ಲೂ ಇವೆ. ಬ್ಯಾಗ್ ಕಟ್ಟಿ ಬಾಗಿಲ ಪಕ್ಕ ಇಟ್ಟೆ. ಇವಳಿಗೆ ಮುಂದೆ ಗುಂಡಿಯಿರುವ ಮೂರು ನೈಟಿ, ಕೂಸಿಗೆ ಎರಡು ಕುಲಾಯಿ, ಧೋತರದ ಇಪ್ಪತ್ತು ತುಂಡು, ಒಂದು ಕೌದಿ, ಥರ್ಮಾಸು, ಚಾರ್ಜರು. ಓ ನೆಗೆಟಿವ್ ಇರುವ ನಾಲ್ವರು ರಕ್ತ ಕೊಡಲು ಒಪ್ಪಿದ್ದಾರೆ. ಒಬ್ಬರು ನಮ್ಮ ಶಾಲೆಯ ಪಿ.ಟಿ. ಮಾಸ್ತರರ ತಮ್ಮ, ಹುಬ್ಬಳ್ಳಿಯಲ್ಲಿರುತ್ತಾರೆ. ನಾಲ್ವರ ನಂಬರನ್ನೂ, 108ನ್ನೂ, ಆಟೋದ ನಂಬರನ್ನೂ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದೆ.

23 ಜನವರಿ, ಗುರುವಾರ

ಅತ್ತೆಯ ಜೊತೆ ಫೋನಿನಲ್ಲಿ ಒಂದು ತಾಸು ಮಾತು. ಬಾಣಂತಿ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡಬೇಕು, ಕೂಸಿಗೆ ಲೋಬಾನದ ಹೊಗೆ ಹಿಡಿಯಬೇಕು ಎಂಬುದು ಅವರ ಮಾತು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ತಾಯಿ ಮಗು ಇಬ್ಬರಿಗೂ ಅಪಾಯ. ಡಾಕ್ಟರು ಕಡ್ಡಾಯವಾಗಿ ಬೇಡ ಎಂದಿದ್ದಾರೆ.

"ಹೊಗಿ ಇಲ್ದ ಬಾಣಂತನ ಹೆಂಗ್ರೀ ಅಳಿಯಂದ್ರ?" ಎಂದು ಅವರು ನಿಜಕ್ಕೂ ನೊಂದುಕೊಂಡರು. ನಾಲ್ಕು ಮಕ್ಕಳನ್ನು ಹಾಗೇ ಸಾಕಿದವರು. ನಾನು ವಾದ ಮಾಡಲಿಲ್ಲ. ಬಿಸಿನೀರಿನ ಚೀಲ ತಂದಿದ್ದೇನೆ, ಕೋಣೆ ಬೆಚ್ಚಗಿದೆ, ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ ಎಲ್ಲ ನಿಮ್ಮ ಕೈಯದೇ ಆಗಬೇಕು ಎಂದೆ. ಬಹಳ ಹೊತ್ತಿನ ಮೇಲೆ ಅವರೇ ದಾರಿ ಹೇಳಿದರು. "ಆತು ಬಿಡ್ರಿ. ಲೋಬಾನ ಹಿತ್ತಲದಾಗ ಹಚ್ಚಿ ಅರಬಿಗೆ ಅಷ್ಟ ಹೊಗಿ ಹಿಡಿಯೂಣು. ಕೂಸಿಗೆ ಬ್ಯಾಡ."

ಹುಟ್ಟಿದ ಕೂಡಲೇ ಜೇನುತುಪ್ಪ ನೆಕ್ಕಿಸುವುದು ಬೇಡ, ಮೊದಲ ತಾಸಿನಲ್ಲೇ ತಾಯಿಯ ಗಿಣ್ಣದ ಹಾಲು ಕೊಡೋಣ ಎಂದೆ. ಇದಕ್ಕೆ ಅವರು ತಟ್ಟನೆ ಒಪ್ಪಿದರು. "ಎಮ್ಮಿ ಕರುಕ್ಕ ಗಿಣ್ಣ ತಪ್ಪಸಂಗಿಲ್ಲ ನಾವು, ನಮ್ಮ ಕೂಸಿಗೆ ತಪ್ಪಸ್ತೀವೇನ್ರೀ?"

ಕಡಲೆ ಒಕ್ಕಣೆ ಮುಂದಿನ ವಾರ ಮುಗಿಯುತ್ತದಂತೆ. ಡಾಕ್ಟರು ಕೊಟ್ಟ ತಾರೀಖು ಫೆಬ್ರುವರಿ 6.

ಇವಳು ಈಗ ಒಳಗಿನ ಕೋಣೆಯಲ್ಲೇ ಮಲಗಿದ್ದಾಳೆ. ಊಟವಾದ ಮೇಲೆ ಹತ್ತು ಒದೆತ ಎಣಿಸಿ ಮುಗಿಸಿದೆವು, ಮೂವತ್ತೈದು ನಿಮಿಷ ಹಿಡಿಯಿತು. ತೊಟ್ಟಿಲಲ್ಲಿ ಗುಂಡಪ್ಪ ಕುಲಾಯಿ ತೊಟ್ಟು ಮಲಗಿದ್ದಾನೆ. ನಾಳೆ ನೀರು ಬರುವ ದಿನ. ಹೊಸ ಟ್ಯಾಂಕು ತೊಳೆದಿಟ್ಟಿದ್ದೇನೆ. ನಾಲ್ಕೂವರೆಗೆ ಏಳಬೇಕು.