ತೋಟಕ್ಕೆ ಸ್ಯಾಲರಿ ಸ್ಲಿಪ್ ಎಲ್ಲಿಂದ ತರೋದು?

ಪ್ಯಾರಿಸ್ ನೋಡಬೇಕು ಅಂತ ಆಸೆಪಟ್ಟವಳು ಆಯಿ, ಅಂದರೆ ನನ್ನಮ್ಮ. ವೀಸಾ ಅರ್ಜಿ ಹಿಡಿದು ಒದ್ದಾಡಿದ್ದು ನಾನು ಮತ್ತು ಅಪ್ಪ.

ನನ್ನ ಕಾಗದಪತ್ರಕ್ಕೆ ತಲೆಬಿಸಿಯೇ ಆಗಲಿಲ್ಲ. ಬೆಂಗಳೂರಿನಲ್ಲಿ ಸಂಬಳಕ್ಕೆ ದುಡಿಯುವವರಿಗೆ ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಹೇಳಿ ಮಾಡಿಸಿದ ಹಾಗಿದೆ. ಸ್ಯಾಲರಿ ಸ್ಲಿಪ್, ಐಟಿ ರಿಟರ್ನ್, ಕಂಪನಿಯ ರಜೆ ಪತ್ರ, ಎಲ್ಲ ಮೇಲ್‌ನಲ್ಲೇ ಸಿಗುತ್ತವೆ. ಶಿರಸಿ ಕಡೆಯ ಅಡಿಕೆ ಬೆಳೆಗಾರನ ಹತ್ತಿರ ಇದರಲ್ಲಿ ಒಂದೂ ಇರುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಹಾಗಾಗಿ ಅಪ್ಪ ಜನ್ಮದಲ್ಲಿ ರಿಟರ್ನ್ ಹಾಕಿದವನಲ್ಲ.

ಫಾರ್ಮ್‌ನಲ್ಲಿ ಕೆಲಸ ಕೊಟ್ಟವರ ಹೆಸರು, ವಿಳಾಸ, ಫೋನ್ ನಂಬರ್ ಕೇಳಿದ್ದರು. "ತೋಟದ್ದೇ ಬರಿ. ಫೋನ್ ಮಾಡಿದ್ರೆ ಮಂಗ ಎತ್ತಿಕೊಳ್ತದೆ" ಎಂದ ಅಪ್ಪ.

ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೊಂದು ಕಥೆ. ಆಳಿನ ಕೂಲಿ, ಗೊಬ್ಬರ, ಕರೆಂಟ್ ಬಿಲ್ ಅಂತ ದುಡ್ಡು ಹೋಗುತ್ತಲೇ ಇತ್ತು. ಮಾರ್ಚ್‌ನಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಜಮಾ ಆಗಿತ್ತು. ಚಾಲಿ ಅಡಿಕೆ ಮಾರಿದ ದುಡ್ಡು ಅದು. ನಮ್ಮೂರಿನಲ್ಲಿ ಯಾರಿಗೆ ತೋರಿಸಿದರೂ ಅರ್ಥವಾಗುತ್ತದೆ. ವೀಸಾ ಆಫೀಸರ್ ಕಣ್ಣಿಗೆ ಮಾತ್ರ ಅರ್ಜಿಗೋಸ್ಕರ ಕೈಸಾಲ ತಂದು ತುಂಬಿದ ಹಾಗೆ ಕಾಣುತ್ತದೆ, ಅಲ್ವಾ?

ಟ್ರಾವೆಲ್ ಏಜೆಂಟ್ ಸುಲಭದ ದಾರಿ ಹೇಳಿದ. "ಯಾಕೆ ಸರ್ ಇಷ್ಟೆಲ್ಲ? ಸುಮ್ನೆ ಮಗನೇ ಸ್ಪಾನ್ಸರ್ ಅಂತ ಹಾಕಿಬಿಡಿ." ಅಪ್ಪ ಒಪ್ಪಲಿಲ್ಲ. ತನ್ನ ಖರ್ಚು ತನ್ನದೇ ಎಂದು ಹಟ ಹಿಡಿದ. ಅರ್ಜಿ ಶುಲ್ಕವೇ ತಲಾ 90 ಯೂರೊ, ವೀಸಾ ಸಿಗದಿದ್ದರೆ ವಾಪಸ್ಸೂ ಬರುವುದಿಲ್ಲ. ಇಷ್ಟು ತಿಳಿದ ಮೇಲೂ ಅಪ್ಪನದು ಅದೇ ಮಾತು. ನನಗೆ ಆಗ ಸಿಟ್ಟು ಬಂದಿತ್ತು ನಿಜ. ಈಗ ಅನಿಸುತ್ತದೆ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಸರಿ, ಪಹಣಿ ತೆಗೆಸಿ ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿದ್ದಾಯಿತು. ಸೊಸೈಟಿಯಲ್ಲಿ ಅಡಿಕೆ ಮಾರಿದ ಹಿಂದಿನ ವರ್ಷಗಳ ಬಿಲ್ಲುಗಳೂ ಬಂದವು. ಪ್ರತಿ ವರ್ಷ ಇದೇ ಹೊತ್ತಿಗೆ ಹಣ ಬರುತ್ತದೆ ಎಂದು ಆ ಬಿಲ್ಲುಗಳೇ ಹೇಳುತ್ತಿದ್ದವು. ಉಳಿದದ್ದು ಕವರಿಂಗ್ ಲೆಟರ್. ಹೋದವರು ತಿರುಗಿ ಬಂದೇ ಬರುತ್ತಾರೆ ಎಂದು ಅದರಲ್ಲಿ ನಂಬಿಸಬೇಕು. ಅಲ್ಲೇ ಉಳಿದು ತಾನೇನು ಮಾಡಲಿ, ಒಳ್ಳೆ ಮಜ್ಜಿಗೆಯೂ ಸಿಗಲಿಕ್ಕಿಲ್ಲ ಎಂದಳು ಆಯಿ. ಹಾಗಂತ ಬರೆಯೋಕಾಗುತ್ತಾ?

ಕಾರಣ ಕೊಟ್ಟಿದ್ದು ಅಪ್ಪನೇ. ಮೇ ಕೊನೆಯೊಳಗೆ ವಾಪಸ್ ಬರಲೇಬೇಕು, ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಬಂದು ಎಳೆಗಾಯಿ ಉದುರಿಹೋಗುತ್ತದೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂಬುದನ್ನೂ ಸೇರಿಸು ಎಂದ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದೆ. ಮಜಾ ಏನೆಂದರೆ, ಈ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಅಂತೂ ಫ್ರಾನ್ಸಿನವರ ಔಷಧಿಯನ್ನೇ ಅವರ ಮುಂದಿಟ್ಟು ವೀಸಾ ಕೇಳಿದೆವು.

ಬೆಂಗಳೂರಿನ ವೀಸಾ ಸೆಂಟರ್‌ನಲ್ಲಿ ಬೆರಳಚ್ಚು ಕೊಡಬೇಕಿತ್ತು. ಎಡಗೈಯ ನಾಲ್ಕು ಬೆರಳು, ಬಲಗೈಯ ನಾಲ್ಕು, ಆಮೇಲೆ ಎರಡೂ ಹೆಬ್ಬೆರಳು. ಅಪ್ಪನದು ಬೇಗ ಮುಗಿಯಿತು. ಆಯಿಯ ಬೆರಳು ಮಷಿನ್‌ಗೆ ಹತ್ತಲೇ ಇಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ವರ್ಷಗಟ್ಟಲೆ ಅಡಿಕೆ ಸುಲಿದ ಕೈ ಅದು, ಗೆರೆಗಳೇ ಸವೆದುಹೋಗಿವೆ. ಕೌಂಟರಿನ ಹುಡುಗಿ ಟಿಶ್ಯೂನಿಂದ ಗಾಜು ಒರೆಸಿದಳು, ಆಯಿಯ ಕೈಯನ್ನೂ ಒರೆಸಿದಳು. ಕೊನೆಗೆ ಎದ್ದು ಬಂದು ಆ ಬೆರಳುಗಳ ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಹಿಡಿದಳು. ಹಸಿರು ದೀಪ ಬಂತು. "ರೇಷನ್ ಅಂಗಡೀಲೂ ಹೀಗೇ ಮಗಾ, ನೀ ಬೇಜಾರು ಮಾಡ್ಕೋಬೇಡ" ಎಂದು ಆಯಿಯೇ ಅವಳಿಗೆ ಸಮಾಧಾನ ಹೇಳಿದಳು.

ಮೂರೂ ಪಾಸ್‌ಪೋರ್ಟ್ ಕೊರಿಯರ್‌ನಲ್ಲಿ ಬಂದವು, ವೀಸಾ ಸಮೇತ. ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ವಾಪಸ್ ಬರುವ ತಾರೀಖು ಮಾತ್ರ. ಹೇಳಿದೆ. ಫೋನ್ ಇಟ್ಟವನೇ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಫೋನ್ ಹಚ್ಚಿ, ಜೂನ್ ಮೊದಲ ವಾರ ಬೇರೆ ಯಾರ ತೋಟಕ್ಕೂ ಒಪ್ಪಿಕೊಳ್ಳಬೇಡ ಎಂದು ಮಾತು ತೆಗೆದುಕೊಂಡನಂತೆ.