ರಿಜಿಸ್ಟರ್‌ನಲ್ಲಿ ಇಲ್ಲದ ಕಾಲಂ

ಮಕ್ಕಳಿಗೆ ಲಸಿಕೆ ಹಾಕುವ ಕೋಣೆಯಲ್ಲಿ ನನ್ನ ಕೆಲಸ. ಫ್ಲೂ ಸೀಸನ್ ಹತ್ತಿರ ಬಂದರೆ ನಮಗೆ ನೀರು ಕುಡಿಯಲೂ ಪುರುಸೊತ್ತಿರುವುದಿಲ್ಲ. ಒಂದು ಮಗುವಿಗೆ ಐದು ನಿಮಿಷ ಅಂತ ಮೇಲಿನವರು ಲೆಕ್ಕ ಹಾಕಿದ್ದಾರೆ. ಅಷ್ಟರಲ್ಲಿ ಕಾರ್ಡ್ ನೋಡಬೇಕು, ಅಲರ್ಜಿ ಕೇಳಬೇಕು, ಇಂಜೆಕ್ಷನ್ ಕೊಡಬೇಕು, ಬ್ಯಾಚ್ ನಂಬರ್ ಬರೆಯಬೇಕು. ತಾಯಂದಿರ ಪ್ರಶ್ನೆಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ಮೊನ್ನೆ ಒಬ್ಬ ತಾಯಿ ಎರಡು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. "ಹೋದ ವರ್ಷ ಇಂಜೆಕ್ಷನ್ ಆದ ಮೂರನೇ ದಿನಕ್ಕೇ ಇವನಿಗೆ ಫ್ಲೂ ಬಂತು ಸಿಸ್ಟರ್. ಇಂಜೆಕ್ಷನ್ನಿಂದಲೇ ಬರುತ್ತಂತೆ, ಹೌದಾ?" ಎಂದು ಫೋನ್‌ನಲ್ಲಿದ್ದ ಫಾರ್ವರ್ಡ್ ತೋರಿಸಿದರು. ಪಕ್ಕದಲ್ಲಿದ್ದ ಸಹೋದ್ಯೋಗಿ, "ಅದೆಲ್ಲಾ ಸುಳ್ಳು, ತಲೆ ಕೆಡಿಸಿಕೊಳ್ಳಬೇಡಿ" ಅಂದುಬಿಟ್ಟರು. ತಾಯಿ ಮಾತಾಡಲಿಲ್ಲ. ಫೋನ್ ಬ್ಯಾಗಿಗೆ ಹಾಕಿ, ಮಗನ ಅಂಗಿಯ ಮಡಚಿದ್ದ ತೋಳನ್ನು ಕೆಳಗೆ ಎಳೆದು ಬಟನ್ ಹಾಕತೊಡಗಿದರು.

ನಾನು ಸಿರಿಂಜನ್ನು ಫ್ರಿಜ್‌ಗೆ ವಾಪಸ್ ಇಟ್ಟು ಅವರ ಎದುರು ಕೂತೆ. "ಮಗುವಿಗೆ ಏನೇನಾಗಿತ್ತು, ಹೇಳಿ" ಎಂದೆ. ಜ್ವರ, ಸುರಿಯುವ ಮೂಗು, ರಾತ್ರಿಯೆಲ್ಲಾ ಅಳು. ಅದಂತೂ ನಿಜವೇ ಅಲ್ವಾ? ಸುಳ್ಳು ಅಂದಾಗ ತಾವು ನಿದ್ದೆಗೆಟ್ಟಿದ್ದನ್ನೇ ಸುಳ್ಳು ಅಂದ ಹಾಗೆ ಅವರಿಗೆ ಕೇಳಿಸಿದೆ.

ಎಲ್ಲಾ ಕೇಳಿದ ಮೇಲೆ ವಿವರಿಸಿದೆ. ನಾವು ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರಲಾರದು. ಒಂದೆರಡು ದಿನ ಸಣ್ಣ ಜ್ವರ, ಚುಚ್ಚಿದ ಕಡೆ ನೋವು ಬರಬಹುದು. ರಕ್ಷಣೆ ಸಿಗಲು ಸುಮಾರು 2 ವಾರ ಬೇಕು. ಅಷ್ಟರೊಳಗೆ ಫ್ಲೂ ತಗುಲಬಹುದು. ಮೂಗು ಸುರಿಸುವ ಬೇರೆ ವೈರಸ್‌ಗಳೂ ಬೇಕಾದಷ್ಟಿವೆ, ಅವನ್ನು ಈ ಲಸಿಕೆ ತಡೆಯುವುದಿಲ್ಲ.

ಕಾರ್ಡ್ ನೋಡಿದರೆ ಹೋದ ವರ್ಷದ್ದು ಒಂದೇ ಡೋಸ್. ಇಷ್ಟು ಚಿಕ್ಕ ಮಕ್ಕಳಿಗೆ ಮೊದಲ ಸಲ ಕನಿಷ್ಠ 4 ವಾರದ ಅಂತರದಲ್ಲಿ 2 ಡೋಸ್ ಕೊಡುತ್ತೇವೆ. ಆ ಜ್ವರಕ್ಕೆ ಹೆದರಿ ಅವರು ಎರಡನೆಯದಕ್ಕೆ ಬಂದೇ ಇರಲಿಲ್ಲ. 5 ವರ್ಷದೊಳಗಿನವರಿಗೆ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಜಾಸ್ತಿ. ಒಬ್ಬರೂ ಅವರಿಗೆ ಫೋನ್ ಮಾಡಿ ಯಾಕೆ ಬರಲಿಲ್ಲ ಅಂತ ಕೇಳಿರಲಿಲ್ಲ ಅನ್ನುವುದೇ ನನಗೆ ಸಂಕಟ.

"ಮನೆಯವರ ಹತ್ತಿರ ಮಾತಾಡಿ ನಾಳೆ ಬರ್ತೀನಿ" ಎಂದು ಎದ್ದರು. ನಮ್ಮ ರಿಜಿಸ್ಟರ್‌ನಲ್ಲಿ ಎರಡೇ ಕಾಲಂ: 'ಹಾಕಲಾಗಿದೆ', 'ನಿರಾಕರಣೆ'. ಅನುಮಾನ ಕೇಳಿದವರೂ ನಿರಾಕರಣೆಗೇ ಹೋಗುತ್ತಾರೆ, ಆಮೇಲೆ ಅವರನ್ನು ಯಾರೂ ವಿಚಾರಿಸುವುದಿಲ್ಲ. ನಾನು ಎರಡನ್ನೂ ಖಾಲಿ ಬಿಟ್ಟು, ಪಕ್ಕದಲ್ಲಿ ಪೆನ್ಸಿಲ್‌ನಿಂದ 'ಯೋಚಿಸುತ್ತಿದ್ದಾರೆ, ಫೋನ್ ಮಾಡಬೇಕು' ಎಂದು ಬರೆದೆ. ಸಂಜೆ ಮಾಡಿದೆ. ಮಾರನೇ ದಿನ ಗಂಡ ಹೆಂಡತಿ ಇಬ್ಬರೂ ಬಂದು ಹಾಕಿಸಿದರು, ಮುಂದಿನ ಡೋಸ್‌ನ ತಾರೀಖನ್ನು ಅವರೇ ಕೇಳಿ ಬರೆಸಿಕೊಂಡರು.

ಮೀಟಿಂಗ್‌ನಲ್ಲಿ ಮೂರನೇ ಕಾಲಂ ಬೇಕೆಂದು ಕೇಳಿದ್ದೇನೆ. ಫಾರ್ಮ್ಯಾಟ್ ಬದಲಾಯಿಸಲು ಆಗಲ್ಲ ಅಂದರು. ಮುಂದಿನ ಮೀಟಿಂಗ್‌ನಲ್ಲೂ ಕೇಳುತ್ತೇನೆ.