ಆ ಹುಡುಗಿಯರು ನಂಬಿದ್ದರೇ, ನಟಿಸುತ್ತಿದ್ದರೇ?

ನಮ್ಮ ಹವ್ಯಾಸಿ ತಂಡ ಆರ್ಥರ್ ಮಿಲ್ಲರನ ‘ದಿ ಕ್ರೂಸಿಬಲ್’ ನಾಟಕವನ್ನು ಕನ್ನಡದಲ್ಲಿ ಆಡಿದಾಗಿನಿಂದ, ನಿರ್ದೇಶಕನೆಂಬ ಕಾರಣಕ್ಕೆ ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಆಗ ಇಂಗ್ಲೆಂಡಿನ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ 1692ರಲ್ಲಿ ಕೆಲವು ಹುಡುಗಿಯರು ಮೈಮೇಲೆ ಬಂದವರಂತೆ ಒದ್ದಾಡಿ, ತಮಗೆ ಮಾಟ ಮಾಡಿದವರು ಇವರೇ ಎಂದು ಊರಿನವರತ್ತ ಬೆರಳು ತೋರಿಸಿದರು. 19 ಜನ ಗಲ್ಲಿಗೇರಿದರು. ಅಷ್ಟು ಜೀವ ತೆಗೆದ ಆ ಒದ್ದಾಟ ನಿಜವೋ ಸೋಗೋ?

ಎರಡೂ ಹೌದು ಎಂಬುದು ನನಗೆ ಹೊಳೆದದ್ದು ಮೂರನೆಯ ಅಂಕದ ತಾಲೀಮಿನಲ್ಲಿ. ಮೇರಿ ವಾರೆನ್ ಎಂಬ ಕೆಲಸದ ಹುಡುಗಿ ಕೋರ್ಟಿಗೆ ಬಂದು, ತಾವು ಮೂರ್ಛೆ ಹೋದದ್ದೆಲ್ಲ ಸುಳ್ಳು ಎನ್ನುತ್ತಾಳೆ. ಹಾಗಾದರೆ ಇಲ್ಲಿಯೇ ಮೂರ್ಛೆ ಹೋಗಿ ತೋರಿಸು ಎಂದರೆ ಅವಳಿಂದ ಆಗುವುದಿಲ್ಲ. ಬೀಳಲು ಅವಳಿಗೆ ಸುತ್ತಲಿನವರ ಚೀರಾಟ ಬೇಕು, ಬೆರಗಾಗಿ ನೋಡುವ ಜನ ಬೇಕು. ಮುಂದೆ ಉಳಿದ ಹುಡುಗಿಯರು ಅವಳ ಮೇಲೆಯೇ ತಿರುಗಿಬಿದ್ದು, ಅವಳು ಅಂಗಲಾಚುವ ಒಂದೊಂದು ಮಾತನ್ನೂ ಹಾಗೆಹಾಗೆಯೇ ಮರಳಿ ಹೇಳುತ್ತಾರೆ. ಮೊದಮೊದಲು ನಮ್ಮವರು ಸೂರು ಹಾರುವಂತೆ ಕಿರುಚುತ್ತಿದ್ದರು. (ಹವ್ಯಾಸಿಗಳಿಗೆ ಕಿರುಚಲು ಒಂದು ನೆಪ ಸಾಕು.) ಗಂಟಲು ಕೆಟ್ಟಿತೇ ಹೊರತು ಯಾರಿಗೂ ಭಯ ಹುಟ್ಟಲಿಲ್ಲ. ಕೊನೆಗೆ ಕಿರುಚುವುದನ್ನೇ ನಿಲ್ಲಿಸಿ, ಮೇರಿ ಉಸಿರೆಳೆದಾಗ ಎಲ್ಲರೂ ಉಸಿರೆಳೆಯಿರಿ, ಅವಳ ಧಾಟಿಯಲ್ಲೇ ಮೆಲ್ಲಗೆ ಹೇಳಿ ಎಂದೆ. ನಾಲ್ಕನೆಯ ಮಾತಿಗೆ ಮೇರಿಯ ಪಾತ್ರಧಾರಿಗೆ ಮುಂದಿನ ಸಾಲೇ ಮರೆತುಹೋಯಿತು. ಹೇಳುತ್ತಿದ್ದವರ ಕೈಗಳೂ ನಡುಗುತ್ತಿದ್ದವು, ನಾನು ಹಾಗೆ ಮಾಡಲು ಹೇಳಿರಲಿಲ್ಲ.

ನಾಟಕದ ಆಚೆಗೂ ಒಂದು ಸಾಕ್ಷ್ಯವಿದೆ. ದೂರಿದವರಲ್ಲಿ ಒಬ್ಬಳಾದ ಆ್ಯನ್ ಪಟ್ನಮ್‌ಗೆ ಆಗ ಸುಮಾರು 12 ವರ್ಷ. 1706ರಲ್ಲಿ ಅವಳು ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತಳು, ಅವಳ ಕ್ಷಮಾಪಣೆಯನ್ನು ಪಾದ್ರಿ ಓದಿದ. ದ್ವೇಷದಿಂದ ಮಾಡಿದ್ದಲ್ಲ, ಸೈತಾನನ ಭ್ರಮೆಗೆ ಒಳಗಾಗಿದ್ದೆ ಎಂಬುದು ಅದರ ಸಾರ. ಸೈತಾನನ ತಲೆಗೆ ಕಟ್ಟಿದ್ದು ಜಾಣತನವೆಂದು ಕೆಲವರು ನಗುತ್ತಾರೆ. ನನಗೆ ಅದು ನಗುವ ಮಾತೆನಿಸಿಲ್ಲ.

ಆದರೆ ಈ ಪ್ರಶ್ನೆಯ ಬಗ್ಗೆಯೇ ನನ್ನದೊಂದು ತಕರಾರಿದೆ. ಹುಡುಗಿಯರು ನಂಬಿದ್ದರೆಂದೇ ಇಟ್ಟುಕೊಳ್ಳೋಣ, ಗಲ್ಲಿಗೇರಿಸಿದವರು ಅವರಲ್ಲವಲ್ಲ. ಆರೋಪಿಯ ಛಾಯಾರೂಪ ಬಂದು ನನ್ನನ್ನು ಹಿಂಡಿತು ಎಂದು ಹುಡುಗಿ ಹೇಳಿದರೆ ನ್ಯಾಯಾಲಯ ಅದನ್ನು ಸಾಕ್ಷ್ಯವೆಂದು ಬರೆದುಕೊಂಡಿತು. ಆ ರೂಪ ಕಾಣುವುದು ಅವಳೊಬ್ಬಳಿಗೇ. ಇನ್ನು ಅಲ್ಲಗಳೆಯುವುದು ಹೇಗೆ? ತಪ್ಪೊಪ್ಪಿಕೊಂಡವರು ಉಳಿದರು, ನಾನು ಮಾಟಗಾತಿಯಲ್ಲ ಎಂದು ಪಟ್ಟುಹಿಡಿದವರು ಸತ್ತರು. 1692ರ ಅಕ್ಟೋಬರಿನಲ್ಲಿ ಗವರ್ನರ್ ಫಿಪ್ಸ್ ಆ ನ್ಯಾಯಾಲಯವನ್ನೇ ಮುಚ್ಚಿದ. ಮರುವರ್ಷ ಜನವರಿಯಲ್ಲಿ ಕಲಾಪ ಆರಂಭಿಸಿದ ಹೊಸ ನ್ಯಾಯಾಲಯ ಇಂಥ ಸಾಕ್ಷ್ಯವನ್ನು ಬದಿಗಿಟ್ಟಿತು. ಬಹುತೇಕ ಎಲ್ಲರೂ ಬಿಡುಗಡೆಯಾದರು, ತಪ್ಪಿತಸ್ಥರೆನಿಸಿಕೊಂಡ ಕೆಲವರೂ ಗವರ್ನರನ ಆದೇಶದಿಂದ ಗಲ್ಲು ತಪ್ಪಿಸಿಕೊಂಡರು. ಅಷ್ಟರಲ್ಲಿ ಹುಡುಗಿಯರ ನಂಬಿಕೆ ಬದಲಾಗಿತ್ತೋ ಇಲ್ಲವೋ, ಅದನ್ನು ಯಾರೂ ವಿಚಾರಿಸಬೇಕಾಗಿ ಬರಲಿಲ್ಲ.

ಆದ್ದರಿಂದಲೇ ಆ ದೃಶ್ಯದಲ್ಲಿ ಹುಡುಗಿಯರನ್ನು ಅರೆಗತ್ತಲಲ್ಲಿ ನಿಲ್ಲಿಸಿ, ಬೆಳಕನ್ನೆಲ್ಲ ನ್ಯಾಯಾಧೀಶರ ಮೇಜಿನ ಮೇಲೆ ಬಿಟ್ಟಿದ್ದೇವೆ. ಹುಡುಗಿಯರ ಮುಖ ಸರಿಯಾಗಿ ಕಾಣುವುದಿಲ್ಲ ಎಂದು ದೂರುವವರಿದ್ದಾರೆ. ಮುಂದಿನ ಪ್ರದರ್ಶನದಲ್ಲೂ ಅದನ್ನು ಬದಲಿಸುವ ಆಲೋಚನೆಯಿಲ್ಲ.